ವಾಹನ ಪ್ರಶ್ನೋತ್ತರ: ಗಾಳಿಯಿಂದ ತಣಿಯುವ ಕಾರು ಕಾಯುವುದೇಕೆ, ನಡುಗುವುದೇಕೆ?

ಹಳೆಯ ಕಾರುಗಳ ಬಗ್ಗೆ ಈ ಬಾರಿ ನಮಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಫೋಕ್ಸ್‌ವ್ಯಾಗನ್ ಬೀಟಲ್‌ಗೆ ಸಂಬಂಧಿಸಿದವು. ರೇಡಿಯೇಟರ್ ಇಲ್ಲದ, ನೀರು ಬೇಡದ, ಹಿಂಬದಿಯಲ್ಲಿ ಎಂಜಿನ್ ಇರುವ ಈ ಕಾರು ಮಂಗಳೂರು, ಉಡುಪಿಯ ಕೆಲವು ಮನೆಗಳ ಶೆಡ್ಡುಗಳಲ್ಲಿ ಇಂದಿಗೂ ಜತನವಾಗಿ ಉಳಿದಿದೆ. ಪತ್ರಗಳಲ್ಲಿ ಎಂಜಿನ್ ಅತಿಯಾಗಿ ಕಾಯುವ ದೂರು ಮತ್ತು ಮಿಸ್ಸಿಂಗ್‌ನ (ಉರಿ ತಪ್ಪಿ ಎಂಜಿನ್ ತಡವರಿಸುವ) ದೂರು ಹೆಚ್ಚಾಗಿ ಜೊತೆಯಾಗಿಯೇ ಬಂದಿರುವುದರಿಂದ ಅವುಗಳನ್ನು ಒಟ್ಟಿಗೇ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಮಾನ್ಯರೇ, ನನ್ನ ತಂದೆಯವರ ಕಾಲದ 1967ರ ಮಾದರಿಯ ಬೀಟಲ್ (1300 ಸಿಸಿ) ಕಾರಿನ ಎಂಜಿನ್ನನ್ನು ಕಳೆದ ವರ್ಷ ಬಿಚ್ಚಿಸಿ ರಿಪೇರಿ ಮಾಡಿಸಿದೆ. ಕಟಪಾಡಿಯಿಂದ ಮಂಗಳೂರಿಗೆ ಹೊರಟರೆ ಮೂಲ್ಕಿಯವರೆಗೆ ಚೆನ್ನಾಗಿ ಓಡುತ್ತದೆ. ಅಲ್ಲಿಂದಾಚೆಗೆ ಪಿಕಪ್ ಕಡಿಮೆಯಾಗುತ್ತದೆ, ಕಾರ್ಬ್ಯುರೇಟರ್‌ನಿಂದ ಪಟ್ ಪಟ್ ಎಂಬ ಸದ್ದು ಬರುತ್ತದೆ. ಕೊಟ್ಟಾರ ಚೌಕಿಯಲ್ಲಿ ವಾಹನಗಳ ಸಾಲಿನಲ್ಲಿ ನಿಂತಾಗ ಎಂಜಿನ್ ನಡುಗಿ ಆಫ್ ಆಗುತ್ತದೆ, ಆಯಿಲ್ ಒತ್ತಡದ ಹಸಿರು ದೀಪವೂ ಮಿಣುಕುತ್ತದೆ. ರಿಪೇರಿಯ ಸಮಯದಲ್ಲಿ ತುಕ್ಕು ಹಿಡಿದಿದ್ದ ಹಿಂಬದಿಯ ತಗಡನ್ನೂ, ನಮ್ಮ ಊರಿಗೆ ಬೇಡವೆಂದು ಹೀಟರ್ ಬಾಕ್ಸ್‌ಗಳನ್ನೂ ಥರ್ಮೋಸ್ಟಾಟನ್ನೂ ತೆಗೆದುಹಾಕಲಾಗಿದೆ. ಕಾರ್ಬ್ಯುರೇಟರ್ ಹೊಸದು. ಟೈಮಿಂಗನ್ನು (ಪ್ಲಗ್‌ನಲ್ಲಿ ಕಿಡಿ ಹಾರುವ ಗಳಿಗೆಯನ್ನು) ಮೆಕ್ಯಾನಿಕ್ ಶಬ್ದ ಕೇಳಿಯೇ ಕೂರಿಸಿದ್ದಾರೆ. ಇನ್ನೊಂದು ಆಯಿಲ್ ಕೂಲರ್ ಅಥವಾ ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿದರೆ ಸರಿಹೋದೀತೇ? (ಕಟಪಾಡಿಯ ಓದುಗರು)

ಉತ್ತರ: ಹೊಸದಾಗಿ ಏನನ್ನೂ ಹಾಕಿಸಬೇಡಿ. ತೆಗೆದುಹಾಕಿದ್ದನ್ನು ಮರಳಿ ಕೂರಿಸುವುದೇ ಮೊದಲ ಚಿಕಿತ್ಸೆ. ಎರಡನೆಯ ಆಯಿಲ್ ಕೂಲರಿನ ಮಾತನ್ನು ಅದಾದ ಮೇಲೂ ಕಾವು ಇಳಿಯದಿದ್ದರೆ ಎತ್ತಬಹುದು. ಹೆಚ್ಚಾಗಿ ಅದರ ಅಗತ್ಯ ಬೀಳುವುದಿಲ್ಲ.

ನಿಮ್ಮ ಪತ್ರದಲ್ಲಿ ರೋಗದ ಮುಕ್ಕಾಲು ಪಾಲು ನೀವೇ ಬರೆದಿದ್ದೀರಿ. ಬೀಟಲ್‌ನ ಫ್ಯಾನ್ ಡೈನಮೋದ ಶಾಫ್ಟಿಗೇ ಜೋಡಣೆಯಾಗಿದ್ದು, ಕ್ರ್ಯಾಂಕ್‌ಶಾಫ್ಟಿನ ಪುಲ್ಲಿಯಿಂದ ಬರುವ ಬೆಲ್ಟ್ ಅದನ್ನು ತಿರುಗಿಸುತ್ತದೆ. ಹಿಂಬದಿಯ ಗಾಜಿನ ಕೆಳಗಿರುವ ಸೀಳುಗಳಿಂದ ಒಳಬಂದ ತಂಪು ಗಾಳಿಯನ್ನು ಈ ಫ್ಯಾನ್ ಎಳೆದುಕೊಂಡು, ತಗಡಿನ ಕವಚದ ಮೂಲಕ ನಾಲ್ಕು ಸಿಲಿಂಡರ್‌ಗಳ ಫಿನ್‌ಗಳ (ಕಾವು ಬಿಡುವ ತೆಳು ಲೋಹದ ರೆಕ್ಕೆಗಳ) ನಡುವೆ ಮೇಲಿನಿಂದ ಕೆಳಕ್ಕೆ ನೂಕುತ್ತದೆ. ಬಿಸಿಯಾದ ಗಾಳಿ ಕಾರಿನ ಅಡಿಯಿಂದ ಹೊರಬೀಳುತ್ತದೆ. ಎಂಜಿನ್ನಿನ ಸುತ್ತಲಿರುವ ತಗಡುಗಳೂ ಅವುಗಳ ಅಂಚಿನ ರಬ್ಬರ್ ಪಟ್ಟಿಯೂ ಮೇಲಿನ ತಂಪು ಕೋಣೆಯನ್ನು ಕೆಳಗಿನ ಬಿಸಿ ಭಾಗದಿಂದ ಬೇರ್ಪಡಿಸುವ ಗೋಡೆಯಾಗಿವೆ. ಹಿಂಬದಿಯ ತಗಡನ್ನು ತೆಗೆದ ದಿನವೇ ಆ ಗೋಡೆ ಒಡೆದಿದೆ. ಸೈಲೆನ್ಸರಿನ ಬಳಿಯ ಬಿಸಿ ಗಾಳಿ ಮೇಲೆದ್ದು ಮತ್ತೆ ಫ್ಯಾನಿನ ಬಾಯಿಗೆ ಹೋಗುತ್ತಿದೆ. ಹೆದ್ದಾರಿಯ ವೇಗದಲ್ಲಿ ಇದರ ಪರಿಣಾಮ ನಿಧಾನವಾಗಿ ಏರುತ್ತದೆ, ವಾಹನಗಳ ಸಾಲಿನಲ್ಲಿ ನಿಂತಾಗ ಥಟ್ಟನೆ ತೋರುತ್ತದೆ.

ಹೀಟರ್ ಬಾಕ್ಸ್‌ಗಳ ವಿಷಯದಲ್ಲಿ ಮೆಕ್ಯಾನಿಕರ ತರ್ಕ ಅರ್ಥವಾಗುವಂಥದ್ದೇ. ಮೇ ತಿಂಗಳ ಕಟಪಾಡಿಯಲ್ಲಿ ಕಾರಿನೊಳಗೆ ಹೀಟರ್ ಯಾರಿಗೆ ಬೇಕು? ಆದರೆ ಫ್ಯಾನಿನ ಕವಚದ ಎಡಬಲಗಳಲ್ಲಿ ಹೀಟರಿಗೆ ಗಾಳಿ ಕಳುಹಿಸುವ ಎರಡು ದುಂಡನೆಯ ಬಾಯಿಗಳಿವೆ. ಬಾಕ್ಸ್‌ಗಳನ್ನು ತೆಗೆದವರು ಅವನ್ನು ಹಾಗೆಯೇ ತೆರೆದು ಬಿಟ್ಟಿದ್ದರೆ, ಸಿಲಿಂಡರಿಗೆ ಹೋಗಬೇಕಾದ ಗಾಳಿಯ ಒಂದು ಪಾಲು ಯಾರಿಗೂ ಉಪಯೋಗವಿಲ್ಲದೆ ಅಲ್ಲಿಂದ ಹೊರಹೋಗುತ್ತದೆ. ಎಂಜಿನ್ ಚಾಲೂ ಇರುವಾಗ, ಬೆಲ್ಟಿನಿಂದ ದೂರವಿದ್ದು, ಆ ಬಾಯಿಗಳ ಎದುರು ಅಂಗೈ ಹಿಡಿದು ನೋಡಿ. ಗಾಳಿ ರಭಸದಿಂದ ಬಡಿದರೆ ಲೋಹದ ಮುಚ್ಚಳ ಹಾಕಿಸಿ ಬಿಗಿಯಾಗಿ ಮುಚ್ಚಿಸಿ. ಬಟ್ಟೆ ತುರುಕುವುದು ಬೇಡ. ಎಂಜಿನ್ ಕೋಣೆಯಲ್ಲಿ ಮರೆತುಬಿಟ್ಟ ಒರಸುವ ಬಟ್ಟೆಯನ್ನು ಫ್ಯಾನ್ ಒಳಗೆಳೆದುಕೊಂಡು, ಬೇರೆ ಯಾವ ದೋಷವೂ ಇಲ್ಲದ ಎಂಜಿನ್ ಕಾದು ಕೆಟ್ಟ ಸಂದರ್ಭಗಳಿವೆ. ಹೀಗಾಗಿ ಕವಚದ ಮುಂಬದಿಯಲ್ಲಿರುವ ಫ್ಯಾನಿನ ಬಾಯಿಗೆ ಟಾರ್ಚ್ ಬಿಟ್ಟು, ಪುಟ್ಟ ಕನ್ನಡಿಯೊಂದನ್ನು ಹಿಡಿದು ಒಮ್ಮೆ ನೋಡಿಬಿಡಿ. ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಕಾರಾಗಿದ್ದರೆ ಇಲಿಗಳು ತೆಂಗಿನ ನಾರು, ಒಣಹುಲ್ಲು ತಂದು ಕವಚದೊಳಗೆ ಗೂಡು ಕಟ್ಟಿರುವ ಸಾಧ್ಯತೆಯೂ ಇದೆ. ನಮ್ಮಲ್ಲಿ ಕಪ್ಪು ಆಯಿಲಿನ ಜಿನುಗು ಮತ್ತು ಕೆಂಪು ಧೂಳು ಸೇರಿ ಫಿನ್‌ಗಳ ನಡುವೆ ಇಟ್ಟಿಗೆಯಂತೆ ಗಟ್ಟಿಯಾಗುವುದುಂಟು. ಮೇಲಿನಿಂದ ನೋಡಿದರೆ ಅದು ಕಾಣುವುದಿಲ್ಲ, ಕವಚವನ್ನು ಎತ್ತಿಯೇ ಕೆರೆಯಬೇಕಾಗುತ್ತದೆ.

ಎಂಜಿನ್ ಬಿಚ್ಚಿ ಜೋಡಿಸಿದ ಕಾರಿನಲ್ಲಿ ನಾನು ಮೊದಲು ಕೇಳುವ ಪ್ರಶ್ನೆ ಇನ್ನೊಂದಿದೆ. ಸಿಲಿಂಡರ್ ಜೋಡಿಗಳ ಕೆಳಗೆ, ವಾಲ್ವ್ ತೆರೆಯುವ ಪುಶ್‌ರಾಡ್‌ಗಳ ಕೊಳವೆಗಳ ಮೇಲ್ಭಾಗದಲ್ಲಿ, ಗಾಳಿಯನ್ನು ಸಿಲಿಂಡರಿನ ಅಡಿಬದಿಗೂ ಸುತ್ತಿಸುವ ಸಣ್ಣ ತಗಡೊಂದು ಪ್ರತಿ ಬದಿಗೂ ಇರುತ್ತದೆ. ಹೊರಗೆ ಕಾಣದ ಈ ತಗಡನ್ನು ಮರಳಿ ಹಾಕದಿದ್ದರೂ ಎಂಜಿನ್ ಚಾಲೂ ಆಗುತ್ತದೆ, ಆದ್ದರಿಂದ ಅದು ಗ್ಯಾರೇಜಿನ ಮೂಲೆಯಲ್ಲಿ ಉಳಿದುಬಿಡುವುದು ಅಪರೂಪವಲ್ಲ. ಕಾರಿನಡಿ ಮಲಗಿ ಎರಡು ಸಿಲಿಂಡರ್‌ಗಳ ನಡುವೆ ಮೇಲಕ್ಕೆ ನೋಡಿ. ಆ ತಗಡು ಕಾಣದಿದ್ದರೆ ಅದನ್ನು ಹುಡುಕಿಸಿ. ಪ್ಲಗ್ ವಯರ್‌ಗಳು ತಗಡನ್ನು ದಾಟುವಲ್ಲಿರುವ ರಬ್ಬರ್ ಮುಚ್ಚಳಗಳೂ ನಾಲ್ಕೂ ಇರಬೇಕು. ಒಂದು ಬಿಟ್ಟುಹೋದರೂ ಗಾಳಿಯ ಒತ್ತಡ ಅಲ್ಲಿಂದ ಸೋರುತ್ತದೆ.

ಥರ್ಮೋಸ್ಟಾಟ್ ಇಲ್ಲದಿರುವುದೊಂದರಿಂದಲೇ ನಿಮ್ಮ ಕಾರು ಕಾಯುತ್ತಿಲ್ಲ. 1 ಮತ್ತು 2ನೆಯ ಸಿಲಿಂಡರ್‌ಗಳ ಕೆಳಗಿರುವ ಆ ಪುಟ್ಟ ಬೆಲ್ಲೋಸ್ (ಕಾವಿಗೆ ಹಿಗ್ಗುವ ತಿದಿಯಂಥ ಭಾಗ) ಸುಮಾರು 65ರಿಂದ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಿಗ್ಗಿ, ಕವಚದೊಳಗೆ ಗಾಳಿಯ ದಾರಿಗೆ ಬಾಗಿಲಿನಂತಿರುವ ಫ್ಲಾಪ್‌ಗಳನ್ನು ತೆರೆಯುತ್ತದೆ. ಅದು ಕೆಟ್ಟರೂ ಇಲ್ಲವಾದರೂ ಫ್ಲಾಪ್‌ಗಳು ಸ್ಪ್ರಿಂಗಿನ ಬಲದಿಂದ ತೆರೆದೇ ಇರುವಂತೆ ಕಂಪನಿ ಮಾಡಿಟ್ಟಿದೆ. ಆದರೆ ತುಕ್ಕು ಹಿಡಿದ ಫ್ಲಾಪ್‌ಗಳು ಮುಚ್ಚಿದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದ್ದರೆ ಮಾತು ಬೇರೆ. ಸಮುದ್ರದ ಉಪ್ಪು ಗಾಳಿಯ ನಮ್ಮ ಊರಿನಲ್ಲಿ ಇದನ್ನು ತಳ್ಳಿಹಾಕುವಂತಿಲ್ಲ. ಫ್ಲಾಪ್‌ಗಳ ಕಡ್ಡಿಯನ್ನು ಕೈಯಿಂದ ಅಲ್ಲಾಡಿಸಿ, ಸರಾಗವಾಗಿ ತೆರೆದು ಮುಚ್ಚುತ್ತವೆಯೇ ಎಂದು ಖಚಿತಪಡಿಸಿಕೊಳ್ಳಿ. ಅನುಕೂಲವಾದಾಗ ಥರ್ಮೋಸ್ಟಾಟನ್ನೂ ಹಾಕಿಸಿ. ಎಂಜಿನ್ ಬೇಗ ಹದಕ್ಕೆ ಬಂದರೆ ಸವೆತ ಕಡಿಮೆ. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು 15 ಮಿಲಿಮೀಟರ್ ಬಾಗಬೇಕು. ಹೆಚ್ಚು ಸಡಿಲವಾಗಿದ್ದರೆ ಡೈನಮೋ ಪುಲ್ಲಿಯ ಎರಡು ಹೋಳುಗಳ ನಡುವಿನ ವಾಷರ್‌ಗಳಲ್ಲಿ ಒಂದನ್ನು ತೆಗೆದು ಹೊರಗಡೆ ಹಾಕಿದರೆ ಬಿಗಿಯಾಗುತ್ತದೆ. ತೆಗೆದ ವಾಷರನ್ನು ಜೇಬಿಗೆ ಹಾಕಿಕೊಳ್ಳಬೇಡಿ, ಮುಂದಿನ ಹೊಸ ಬೆಲ್ಟಿಗೆ ಅದು ಬೇಕಾಗುತ್ತದೆ.

ಇನ್ನು ಮಿಸ್ಸಿಂಗ್‌ಗೆ ಬರೋಣ. ಟೈಮಿಂಗನ್ನು ಶಬ್ದದ ಮೇಲೆ ಕೂರಿಸುವ ಕೈಚಳಕ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದ ಮೆಕ್ಯಾನಿಕರಿಗೆ ಒಲಿದಿತ್ತು, ಅದನ್ನು ಗೌರವಿಸುತ್ತೇನೆ. ಆದರೆ ಬೀಟಲ್‌ನಲ್ಲಿ ಅದು ಅಪಾಯಕಾರಿ. ಇಲ್ಲಿ ಫ್ಯಾನಿನ ಸದ್ದು ನಾಕಿಂಗ್‌ನ (ಮಿಶ್ರಣ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವ) ಸದ್ದನ್ನು ನುಂಗಿಹಾಕುತ್ತದೆ. ಟೈಮಿಂಗ್ ಅತಿಯಾಗಿ ಮುಂದಾದರೂ ಪಿಸ್ಟನ್ ಹಾಳಾಗುವವರೆಗೆ ಕಿವಿಗೆ ಸುಳಿವು ಸಿಗದಿರಬಹುದು. ಅತಿಯಾಗಿ ಹಿಂದಾದರೆ ಉರಿ ತಡವಾಗಿ ಮುಗಿದು, ಎಗ್ಸಾಸ್ಟ್ ವಾಲ್ವ್ ಮತ್ತು ಸಿಲಿಂಡರ್ ಹೆಡ್ ಕಾಯುತ್ತವೆ, ಪಿಕಪ್ ಬೀಳುತ್ತದೆ.

ಮೊದಲು ಡಿಸ್ಟ್ರಿಬ್ಯೂಟರಿನೊಳಗೆ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ತೆರೆದು ಮುಚ್ಚುವ ಸಿಬಿ ಪಾಯಿಂಟಿನ ಅಂತರವನ್ನು ಫೀಲರ್ ಗೇಜಿನಿಂದ 0.4 ಮಿಲಿಮೀಟರಿಗೆ ಇಡಿಸಿ. ಪಾಯಿಂಟ್ ಬದಲಾದರೆ ಟೈಮಿಂಗ್ ಬದಲಾಗುವುದರಿಂದ ಈ ಕ್ರಮ ತಪ್ಪಬಾರದು. ಆಮೇಲೆ ಪುಲ್ಲಿಯನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗಿಸಿ, 7.5 ಡಿಗ್ರಿಯ ಗುರುತನ್ನು ಕ್ರ್ಯಾಂಕ್‌ಕೇಸಿನ ಎರಡು ಹೋಳುಗಳು ಕೂಡುವ ಗೆರೆಗೆ ಸರಿಯಾಗಿ ನಿಲ್ಲಿಸಬೇಕು. ಆಗ ರೋಟರ್ ಡಿಸ್ಟ್ರಿಬ್ಯೂಟರಿನ ಅಂಚಿನಲ್ಲಿರುವ 1ನೆಯ ಸಿಲಿಂಡರಿನ ಗೀಟಿನತ್ತ ಮುಖ ಮಾಡಿರಬೇಕು. ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಬರುವ ವಯರಿನ ತುದಿಗೂ ಎಂಜಿನ್ನಿನ ಬಾಡಿಗೂ ನಡುವೆ ನಿಮ್ಮ ಬ್ಯಾಟರಿಯ ವೋಲ್ಟೇಜಿಗೆ ತಕ್ಕ ಬಲ್ಬ್ ಜೋಡಿಸಿ (ನಿಮ್ಮ ಮಾದರಿಯಲ್ಲಿ 6 ವೋಲ್ಟಿನ ಕಾರುಗಳೂ ಇವೆ, ನೋಡಿಕೊಳ್ಳಿ), ಕೀ ಆನ್ ಮಾಡಿ, ಡಿಸ್ಟ್ರಿಬ್ಯೂಟರನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿದಾಗ ಬಲ್ಬ್ ಹೊತ್ತಿಕೊಂಡ ಕ್ಷಣದಲ್ಲಿ ಕ್ಲಾಂಪ್ ಬಿಗಿ ಮಾಡಬೇಕು. ರಿಪೇರಿಯಲ್ಲಿ ಬೇರೆ ಪುಲ್ಲಿ ಹಾಕಿದ್ದರೆ ಗುರುತುಗಳ ಅರ್ಥವೂ ಬೇರೆಯಾಗಿರುತ್ತದೆ, ಅದನ್ನು ಮೊದಲೇ ವಿಚಾರಿಸಿ. ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಕೊಳವೆಯನ್ನು ಬಾಯಿಂದ ಎಳೆದು ನಾಲಗೆಯಿಂದ ಮುಚ್ಚಿದಾಗ ಎಳೆತ ಹಿಡಿದು ನಿಲ್ಲದಿದ್ದರೆ ಒಳಗಿನ ಡಯಾಫ್ರಮ್ ಹರಿದಿದೆಯೆಂದು ತಿಳಿಯಿರಿ. ಎಂಜಿನ್ ಕಾದ ಮೇಲೆ ಮಾತ್ರ ಮಿಸ್ಸಿಂಗ್ ಬರುತ್ತಿರುವುದರಿಂದ ಡಿಸ್ಟ್ರಿಬ್ಯೂಟರಿನ ಕಂಡೆನ್ಸರನ್ನೂ ಬದಲಾಯಿಸಿ ನೋಡುವುದು ಒಳ್ಳೆಯದು. ತಣ್ಣಗಿರುವಾಗ ಸರಿಯಿದ್ದು ಬಿಸಿಯಾದಾಗ ಕೈಕೊಡುವುದು ಅದರ ಜಾಯಮಾನ, ಬೆಲೆಯೂ ಅಷ್ಟೇನಿಲ್ಲ.

ಟ್ಯಾಪೆಟ್‌ಗಳನ್ನು (ವಾಲ್ವ್‌ಗಳ ತುದಿಯಲ್ಲಿರುವ ಸಂದನ್ನು) ಎಂಜಿನ್ ಪೂರ್ತಿ ತಣ್ಣಗಿರುವಾಗ, ಅಂದರೆ ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಿಗ್ಗೆ, ಸೆಟ್ ಮಾಡಬೇಕು. ಹಳೆಯ ಕೈಪಿಡಿಗಳಲ್ಲಿ 0.10 ಮಿಲಿಮೀಟರ್ ಎಂದಿರುತ್ತದೆ. ಕಂಪನಿಯೇ ಮುಂದೆ 0.15ಕ್ಕೆ ಏರಿಸಿತು, ನಮ್ಮ ಸೆಕೆಗೂ ಅದೇ ಕ್ಷೇಮ. ಸ್ವಲ್ಪ ಟಕಟಕ ಎನ್ನುವ ಟ್ಯಾಪೆಟ್‌ನಿಂದ ಹಾನಿಯಿಲ್ಲ, ಸದ್ದಿಲ್ಲದ ಟ್ಯಾಪೆಟ್‌ಗೆ ಹೆದರಬೇಕು. ವಾಲ್ವ್ ತನ್ನ ಸೀಟಿನ ಮೇಲೆ ಕುಳಿತಿರುವಷ್ಟು ಹೊತ್ತು ತನ್ನ ಕಾವನ್ನು ಹೆಡ್ಡಿಗೆ ದಾಟಿಸುತ್ತದೆ. ಬಿಗಿಯಾದ ಟ್ಯಾಪೆಟ್ ಅದನ್ನು ಪೂರ್ತಿ ಕುಳ್ಳಿರಿಸುವುದಿಲ್ಲವಾದ್ದರಿಂದ ಕಂಪ್ರೆಶನ್ ಸೋರುತ್ತದೆ, ಎಗ್ಸಾಸ್ಟ್ ವಾಲ್ವ್ ಸುಡುತ್ತದೆ. 1ನೆಯ ಸಿಲಿಂಡರಿನಿಂದ ಆರಂಭಿಸಿ ಪುಲ್ಲಿಯನ್ನು ಹಿಮ್ಮುಖವಾಗಿ ಅರ್ಧರ್ಧ ಸುತ್ತು ತಿರುಗಿಸುತ್ತ ಹೋದರೆ 2, 3, 4 ಎಂಬ ಕ್ರಮದಲ್ಲಿಯೇ ನಾಲ್ಕೂ ಮುಗಿಯುತ್ತವೆ. ಫೈರಿಂಗ್ ಕ್ರಮ 1-4-3-2 ಆಗಿರುವುದರಿಂದ ಒದಗಿದ ಅನುಕೂಲವಿದು.

ಇಲ್ಲಿ 3ನೆಯ ಸಿಲಿಂಡರಿನ ವಿಷಯವನ್ನು ವಿಶೇಷವಾಗಿ ಹೇಳಬೇಕು. ಹಿಂಬದಿಯಿಂದ ನೋಡಿದಾಗ ಎಡಗಡೆಯ, ಕಾರಿನ ಮುಂಭಾಗಕ್ಕೆ ಹತ್ತಿರವಿರುವ ಸಿಲಿಂಡರ್ ಇದು. ನಿಮ್ಮ ಕಾಲದ ಎಂಜಿನ್‌ಗಳಲ್ಲಿ ಆಯಿಲ್ ಕೂಲರ್ ಫ್ಯಾನಿನ ಕವಚದೊಳಗೇ, ಈ ಸಿಲಿಂಡರಿಗೆ ಗಾಳಿ ಹೋಗುವ ದಾರಿಯಲ್ಲಿ ನಿಂತಿರುತ್ತದೆ. ಹೀಗಾಗಿ ಅದಕ್ಕೆ ಸಿಗುವುದು ಕೂಲರನ್ನು ಹಾದು ಬಂದ ಬೆಚ್ಚನೆಯ, ಕಡಿಮೆಯಾದ ಗಾಳಿ. ಕಂಪನಿಗೂ ಇದು ಗೊತ್ತಿತ್ತು. ಆ ಕಾಲದ ಹಲವು ಡಿಸ್ಟ್ರಿಬ್ಯೂಟರ್‌ಗಳಲ್ಲಿ ಈ ಒಂದು ಸಿಲಿಂಡರಿಗೆ ಮಾತ್ರ ಕಿಡಿ ತುಸು ತಡವಾಗಿ ಹೋಗುವಂತೆ ಮಾಡಲಾಗಿತ್ತು, 1971ರ ಮಾದರಿಯ 1600 ಎಂಜಿನ್ನಿನಲ್ಲಿ ಕೂಲರನ್ನೇ ಸರಿಸಿ ಅದಕ್ಕೆ ಪ್ರತ್ಯೇಕ ಗಾಳಿಯ ದಾರಿ ಕೊಡಲಾಯಿತು. ನಿಮ್ಮ ಕೂಲರಿನ ಸಂದುಗಳಲ್ಲಿ ಕೊಳೆ ಕಟ್ಟಿದ್ದರೆ ಮೊದಲು ಬಳಲುವುದು ಈ ಸಿಲಿಂಡರೇ. ಇಂದು ಟ್ಯಾಪೆಟ್ ಸೆಟ್ ಮಾಡಿಸಿ, 500 ಕಿಲೋಮೀಟರ್ ಓಡಿಸಿದ ಮೇಲೆ ಮತ್ತೆ ಅಳೆಯಿರಿ. 3ನೆಯ ಎಗ್ಸಾಸ್ಟ್ ವಾಲ್ವಿನ ಅಂತರ ಮಾತ್ರ ಮತ್ತೆ ಬಿಗಿಯಾಗಿದ್ದರೆ ವಾಲ್ವ್ ಹಿಗ್ಗುತ್ತಿದೆ ಅಥವಾ ಸೀಟ್ ತಿನ್ನುತ್ತಿದೆ ಎಂದರ್ಥ. ಮತ್ತೆ ಮತ್ತೆ ಸಡಿಲಿಸುತ್ತ ಓಡಿಸಿದರೆ ವಾಲ್ವಿನ ತಲೆ ಮುರಿದು ಪಿಸ್ಟನ್ನಿನ ಮೇಲೆ ಬೀಳುತ್ತದೆ. ಹೆಡ್ ಇಳಿಸುವವರೆಗೆ ಕಾರನ್ನು ಹೊರಗೆ ತೆಗೆಯಬೇಡಿ.

ಇಷ್ಟೆಲ್ಲ ಮುಗಿದ ಮೇಲೆ ಕಾರ್ಬ್ಯುರೇಟರ್. ನಮ್ಮಲ್ಲಿ ಸ್ಕ್ರೂಡ್ರೈವರ್ ಮೊದಲು ಹೋಗುವುದೇ ಅಲ್ಲಿಗೆ, ಅದಕ್ಕೇ ಅದನ್ನು ಕೊನೆಗೆ ಇಟ್ಟಿದ್ದೇನೆ. ಕಾರ್ಬ್ಯುರೇಟರಿನಿಂದ ಪಟ್ ಪಟ್ ಬರುತ್ತಿರುವುದು ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು ಎಂಬುದರ ಲಕ್ಷಣ. ಇಂಟೇಕ್ ಟ್ಯಾಪೆಟ್ ಬಿಗಿಯಾದರೂ ಇದೇ ಸದ್ದು ಬರುತ್ತದೆಂಬ ಕಾರಣಕ್ಕೂ ಟ್ಯಾಪೆಟ್ ಮೊದಲು. ಗಾಳಿ ಎಲ್ಲಿಂದಲೋ ಕಳ್ಳದಾರಿಯಲ್ಲಿ ನುಗ್ಗುತ್ತಿರಬಹುದು: ಕಾರ್ಬ್ಯುರೇಟರಿನ ಅಡಿಯ ಪ್ಯಾಕಿಂಗ್, ಮ್ಯಾನಿಫೋಲ್ಡ್ ಹೆಡ್ಡಿಗೆ ಕೂಡುವ ನಟ್‌ಗಳು, ಸವೆದ ಥ್ರಾಟಲ್ ಶಾಫ್ಟ್. ಐಡ್ಲಿಂಗ್‌ನಲ್ಲಿರುವಾಗ ಈ ಜಾಗಗಳಿಗೆ ಕಾರ್ಬ್ಯುರೇಟರ್ ಕ್ಲೀನರನ್ನು ಒಂದು ಚಿಮುಕು ಹೊಡೆದಾಗ ಎಂಜಿನ್ನಿನ ಓಟ ಬದಲಾದರೆ ಸೋರಿಕೆ ಅಲ್ಲಿಯೇ ಇದೆ. ಅದು ಉರಿಯುವ ದ್ರವ. ಬಿಸಿ ಎಂಜಿನ್ನಿನ ಮೇಲೆ ಸುರಿಯಬೇಡಿ, ಪಕ್ಕದಲ್ಲಿ ಅಗ್ನಿಶಾಮಕ ಸಿಲಿಂಡರ್ ಇಟ್ಟುಕೊಳ್ಳದೆ ಈ ಪರೀಕ್ಷೆಗೆ ಕೈಹಾಕಲೇಬೇಡಿ. ಸೋರಿಕೆಯಿಲ್ಲದಿದ್ದರೆ ಹೊಸ ಕಾರ್ಬ್ಯುರೇಟರಿನ ಮೇನ್ ಜೆಟ್ (ಪೆಟ್ರೋಲನ್ನು ಅಳೆದು ಬಿಡುವ ತೂತು) ನಿಮ್ಮ ಎಂಜಿನ್ನಿಗೆ ಚಿಕ್ಕದಾಯಿತೇ ಎಂದು ನೋಡಬೇಕು. ಹದಿನೈದು ಕಿಲೋಮೀಟರ್ ಓಡಿಸಿ, ಐಡ್ಲಿಂಗ್‌ಗೆ ಬಿಡದೆ ಆಫ್ ಮಾಡಿ, ತಣಿದ ಮೇಲೆ ಪ್ಲಗ್‌ಗಳನ್ನು ಬಿಚ್ಚಿದಾಗ ತುದಿ ಬಿಳಿಚಿಕೊಂಡಿದ್ದರೆ ಮಿಶ್ರಣ ತೆಳುವಾಗಿದೆ, ತಿಳಿ ಕಂದು ಬಣ್ಣವಿದ್ದರೆ ಸರಿಯಾಗಿದೆ.

ಹಸಿರು ದೀಪದ ಬಗ್ಗೆ ಒಂದು ಮಾತು. ಕಾದ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಅದು ಮಿಣುಕಿ, ಆಕ್ಸಿಲರೇಟರ್ ತುಸು ಒತ್ತಿದೊಡನೆ ಆರಿದರೆ ಆಯಿಲ್ ತೆಳುವಾಗಿದೆಯೆಂದಷ್ಟೇ ಅರ್ಥ. ಓಡುವಾಗಲೂ ಉರಿಯುತ್ತಿದ್ದರೆ ಆ ಕ್ಷಣವೇ ನಿಲ್ಲಿಸಬೇಕು. ಕೆಂಪು ದೀಪ ಹೊತ್ತಿಕೊಂಡರೂ ಅಷ್ಟೇ; ಬೇರೆ ಕಾರುಗಳಲ್ಲಿ ಅದು ಬ್ಯಾಟರಿ ಚಾರ್ಜಿಂಗಿನ ಸಮಸ್ಯೆ ಎಂದು ಮನೆಗೆ ಹೋಗಿ ನೋಡಬಹುದು, ಬೀಟಲ್‌ನಲ್ಲಿ ಬೆಲ್ಟ್ ತುಂಡಾಗಿ ಫ್ಯಾನೇ ನಿಂತಿರಬಹುದು. ಡಿಪ್‌ಸ್ಟಿಕ್‌ನ ಜಾಗದಲ್ಲಿ ಕೂರುವ ಆಯಿಲ್ ಥರ್ಮಾಮೀಟರ್ ಒಂದನ್ನು ಕೊಂಡುಕೊಳ್ಳಿ. 110 ಡಿಗ್ರಿಯೊಳಗಿದ್ದರೆ ಚಿಂತೆಯಿಲ್ಲ, 120 ದಾಟಿ ಅಲ್ಲಿಯೇ ನಿಂತರೆ ಕಾರನ್ನು ಬದಿಗೆ ಹಾಕಿ. ಕಾರಿನಲ್ಲಿ ಕಂಪನಿಯ ಟೆಂಪರೇಚರ್ ಗೇಜ್ ಇಲ್ಲದ ಕಾರಣ ಎಂಜಿನ್ ಕೋಣೆಯ ಮುಚ್ಚಳ ಮುಟ್ಟಿ 'ಸಿಕ್ಕಾಪಟ್ಟೆ ಬಿಸಿ' ಎನ್ನುವುದು ಎಲ್ಲರಿಗೂ ರೂಢಿಯಾಗಿದೆ, ಬಿಸಿಲಲ್ಲಿ ನಿಂತ ಕಾರಿನ ಮುಚ್ಚಳವೂ ಹಾಗೆಯೇ ಇರುತ್ತದೆ.

ಪ್ರಶ್ನೆ: ನನ್ನ 1200 ಸಿಸಿ ಬೀಟಲ್ ಬೆಳಿಗ್ಗೆ ಒಂದೇ ಸೆಲ್ಫ್‌ಗೆ (ಸ್ಟಾರ್ಟರಿಗೆ) ಚಾಲೂ ಆಗುತ್ತದೆ. ಆದರೆ ಮಧ್ಯಾಹ್ನ ಹಂಪನಕಟ್ಟೆಯಲ್ಲಿ ನಿಲ್ಲಿಸಿ, ಅಂಗಡಿಗೆ ಹೋಗಿ ಕಾಲು ಗಂಟೆಯಲ್ಲಿ ಬಂದರೆ ಎಷ್ಟು ಸೆಲ್ಫ್ ಹೊಡೆದರೂ ಹಿಡಿಯುವುದಿಲ್ಲ. ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಲು ಹೇಳಿದ್ದಾರೆ. (ಮಂಗಳೂರು ಬೆಂದೂರ್‌ವೆಲ್‌ನ ಓದುಗರು)

ಉತ್ತರ: ಒದ್ದೆ ಬಟ್ಟೆ ತಾತ್ಕಾಲಿಕ ಉಪಾಯ, ಅದೂ ದೋಷ ಪೆಟ್ರೋಲಿನದ್ದೇ ಆಗಿದ್ದರೆ. ಮೊದಲು ದೋಷ ಕಿಡಿಯದೋ ಪೆಟ್ರೋಲಿನದೋ ಎಂದು ಬೇರ್ಪಡಿಸಿಕೊಳ್ಳಿ, ಎರಡು ನಿಮಿಷದ ಕೆಲಸವಿದು. ಕಾರು ಕೈಕೊಟ್ಟ ಹೊತ್ತಿನಲ್ಲೇ ಏರ್ ಫಿಲ್ಟರ್ ತೆಗೆದು, ಕಾರ್ಬ್ಯುರೇಟರಿನ ಬಾಯಿಯೊಳಗೆ ನೋಡುತ್ತ ಥ್ರಾಟಲ್ ಕಡ್ಡಿಯನ್ನು ಕೈಯಿಂದ ಎಳೆಯಿರಿ. ಪೆಟ್ರೋಲಿನ ಸಣ್ಣ ಧಾರೆ ಚಿಮ್ಮಿದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲಿದೆ. ಚಿಮ್ಮದಿದ್ದರೆ ಪಂಪ್ ಅಥವಾ ಪೈಪಿನಲ್ಲಿ ಪೆಟ್ರೋಲ್ ಕುದಿದು ಆವಿ ಕಟ್ಟಿದೆ. ಪೆಟ್ರೋಲಿದೆಯೆಂದಾದರೆ ಒಂದು ಪ್ಲಗ್ ಬಿಚ್ಚಿ, ವಯರಿಗೆ ಸಿಕ್ಕಿಸಿ, ಕಾರ್ಬ್ಯುರೇಟರಿನಿಂದ ದೂರದಲ್ಲಿ ಬಾಡಿಗೆ ತಾಗಿಸಿ ಸೆಲ್ಫ್ ಹೊಡೆಸಿ. ಕಿಡಿ ನೀಲಿಯಾಗಿ ಚಟ್ ಎಂದು ಹಾರಬೇಕು. ಹಳದಿಯಾಗಿ, ಬಲವಿಲ್ಲದೆ ಹಾರಿದರೆ ಕಾದ ಕಾಯಿಲ್ ಅಥವಾ ಕಂಡೆನ್ಸರ್ ಕಾರಣ.

ಎರಡೂ ಸರಿಯಿದ್ದರೆ ಉಳಿಯುವುದು ಮೂರನೆಯದು, ನಿಮ್ಮ ವಿವರಣೆಗೆ ಅದೇ ಹೆಚ್ಚು ಹೊಂದುತ್ತದೆ. ಫ್ಯಾನ್ ನಿಂತ ಮೇಲೆ ಎಂಜಿನ್ನಿನ ಕಾವು ಮೇಲಕ್ಕೇರಿ, ಕಾರ್ಬ್ಯುರೇಟರಿನ ಬೌಲಿನಲ್ಲಿರುವ ಪೆಟ್ರೋಲ್ ಉಕ್ಕಿ ಮ್ಯಾನಿಫೋಲ್ಡಿಗೆ ಇಳಿದಿರುತ್ತದೆ. ಆಗ ಆಕ್ಸಿಲರೇಟರನ್ನು ಮತ್ತೆ ಮತ್ತೆ ಒತ್ತಿದರೆ ಇನ್ನಷ್ಟು ಪೆಟ್ರೋಲ್ ಸುರಿದು ಪ್ಲಗ್ ಒದ್ದೆಯಾಗುತ್ತದೆ. ಪೆಡಲನ್ನು ನಿಧಾನವಾಗಿ ಕೊನೆಯವರೆಗೆ ಒತ್ತಿ ಹಿಡಿದು, ಬಿಡದೆ, ಸೆಲ್ಫ್ ಹೊಡೆಯಿರಿ. ಹಿಡಿದ ಮೇಲೆ ಬಿಡಿ. ಆಟೋಮ್ಯಾಟಿಕ್ ಚೋಕ್ ಬಿಸಿಯಲ್ಲೂ ಮುಚ್ಚಿಕೊಂಡೇ ಇದೆಯೇ ಎಂದೂ ನೋಡಿ. ಆವಿ ಕಟ್ಟುವುದೇ ಖಚಿತವಾದರೆ ಪಂಪಿನ ಅಡಿಯಲ್ಲಿ ಕಾವನ್ನು ತಡೆಯುವ ಕಪ್ಪು ಫೈಬರಿನ ಬ್ಲಾಕ್ ಇದೆಯೇ, ಪೆಟ್ರೋಲ್ ಪೈಪ್ ಬಿಸಿ ತಗಡನ್ನು ತಾಗುತ್ತಿದೆಯೇ ಎಂಬೆರಡನ್ನು ಪರೀಕ್ಷಿಸಿದರೆ ಸಾಕು. ಪೈಪ್ ನೋಡುವಾಗ, ಕಾರ್ಬ್ಯುರೇಟರಿನ ಬದಿಯಲ್ಲಿ ಹೋಸ್ ಸಿಕ್ಕಿಸುವ ಹಿತ್ತಾಳೆಯ ಮೂತಿಯನ್ನು ಮೆಲ್ಲಗೆ ತಿರುವಿ ನೋಡಿ. ಕೇವಲ ಒತ್ತಿ ಕೂರಿಸಿರುವ ಆ ಮೂತಿ ಸಡಿಲವಾಗಿ ಕಳಚಿದರೆ ಪೆಟ್ರೋಲ್ ನೇರ ಡಿಸ್ಟ್ರಿಬ್ಯೂಟರಿನತ್ತ ಸುರಿಯುತ್ತದೆ. ಬೀಟಲ್‌ಗಳಿಗೆ ಬೆಂಕಿ ಬೀಳುವ ಕಾರಣಗಳಲ್ಲಿ ಇದೂ ಒಂದು.

ಪ್ರಶ್ನೆ: ಕುಟುಂಬದೊಂದಿಗೆ ಶೃಂಗೇರಿಗೆ ಹೋಗಬೇಕೆಂದಿದ್ದೇವೆ. ಆಗುಂಬೆ ಘಾಟಿಯಲ್ಲಿ ಎಂಜಿನ್ ಕಾಯದಂತೆ ಹಿಂಬದಿಯ ಮುಚ್ಚಳವನ್ನು ಅರ್ಧ ತೆರೆದಿಟ್ಟು ಓಡಿಸಬಹುದೇ? ಯಾವ ಗೇರಿನಲ್ಲಿ ಹತ್ತಿಸಬೇಕು? (ಬ್ರಹ್ಮಾವರದ ಓದುಗರು)

ಉತ್ತರ: ಮುಚ್ಚಳ ಮುಚ್ಚಿಯೇ ಇರಲಿ. ತೆರೆದ ಸಂದಿನಿಂದ ಒಳಬರುವುದರಲ್ಲಿ ಸೈಲೆನ್ಸರಿನ ಬಿಸಿಯೂ ಹೊಗೆಯೂ ಸೇರಿರುತ್ತವೆ. ಗೇರಿನ ವಿಷಯದಲ್ಲಿ ನೀರಿನ ಕಾರುಗಳಲ್ಲಿ ಕಲಿತ ಅಭ್ಯಾಸವನ್ನು ಘಾಟಿಯ ಬುಡದ ಸೋಮೇಶ್ವರದಲ್ಲೇ ಬಿಟ್ಟು ಹತ್ತಬೇಕು. ಬೀಟಲ್‌ನ ಫ್ಯಾನ್ ಎಂಜಿನ್ನಿನ ವೇಗಕ್ಕೆ ತಕ್ಕಂತೆ ತಿರುಗುವುದರಿಂದ, ಮೇಲಿನ ಗೇರಿನಲ್ಲಿ ಎಂಜಿನ್ ಉಬ್ಬಸಪಡುತ್ತ ಹತ್ತುವಾಗ ಕೆಲಸ ಹೆಚ್ಚು, ಗಾಳಿ ಕಡಿಮೆ. ಪೆಟ್ರೋಲ್ ಉಳಿಸಲೆಂದು ಮೂರನೆಯ ಗೇರನ್ನು ಹಿಡಿದುಕೊಂಡೇ 14 ತಿರುವುಗಳನ್ನು ದಾಟಿಸುವ ಪ್ರಯತ್ನ ಬೇಡ. ಎಂಜಿನ್ ಎಳೆಯಲು ಹಿಂಜರಿಯುವ ಮುನ್ನವೇ ಎರಡಕ್ಕೆ ಇಳಿಸಿ, ತಿರುವು ಕಡಿದಾಗಿದ್ದು ಎದುರು ಬಸ್ಸು ಬಂದರೆ ಒಂದಕ್ಕೂ ಇಳಿಸಿ. ಎಂಜಿನ್ ಗಟ್ಟಿಯಾಗಿ ಹಾಡಿದರೂ ತಂಪಾಗಿಯೇ ಇರುತ್ತದೆ. ಮೇಲೆ ತಲುಪಿ ಸೂರ್ಯಾಸ್ತದ ಕಟ್ಟೆಯ ಬಳಿ ನಿಲ್ಲಿಸುವಾಗ ಕೂಡಲೇ ಕೀ ತಿರುಗಿಸದೆ, ಒಂದು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ಆಫ್ ಮಾಡಿ. ಹೊರಡುವ ಮುನ್ನ ಬೆಲ್ಟನ್ನೂ ಆಯಿಲ್ ಮಟ್ಟವನ್ನೂ ನೋಡಿಕೊಂಡು, ಒಂದು ಹೊಸ ಬೆಲ್ಟ್ ಮತ್ತು ಅದನ್ನು ಹಾಕಲು ಬೇಕಾದ ಸ್ಪ್ಯಾನರನ್ನು ಡಿಕ್ಕಿಯಲ್ಲಿಟ್ಟುಕೊಳ್ಳಿ. ಈ ಕಾರಿನ ಡಿಕ್ಕಿ ಮುಂದಿದೆ ಎಂಬುದನ್ನು ಘಾಟಿಯಲ್ಲಿ ಸಹಾಯಕ್ಕೆ ಬಂದವರಿಗೆ ಮಾತ್ರ ಹೇಳಬೇಕಾಗುತ್ತದೆ.

ಪ್ರಶ್ನೆ: ಹೊಸ ಕಾರುಗಳಿಗೆ ಹಾಕುವ 5ಡಬ್ಲ್ಯೂ-30 ಸಿಂಥೆಟಿಕ್ ಆಯಿಲ್ ದುಬಾರಿಯಾದರೂ ಒಳ್ಳೆಯದಲ್ಲವೇ? ಬೀಟಲ್‌ಗೆ ಹಾಕಬಹುದೇ? (ಕಾರ್ಕಳದ ಓದುಗರು)

ಉತ್ತರ: ಬೇಡ. ನಮ್ಮ ಹವೆಗೆ ಅದಕ್ಕಿಂತ ದಪ್ಪನೆಯ 20ಡಬ್ಲ್ಯೂ-50 ಮಿನರಲ್ ಆಯಿಲ್ ಸಾಕು. ಈ ಎಂಜಿನ್ನಿಗೆ ಹಿಡಿಸುವುದು 2.5 ಲೀಟರ್ ಮಾತ್ರ, ಆಯಿಲ್ ಫಿಲ್ಟರ್ ಎಂಬುದಿಲ್ಲ, ಅಡಿಯಲ್ಲಿ ಒಂದು ಜಾಲರಿಯಿದೆ. ಎಂಜಿನ್ ತಣಿಯುವುದರಲ್ಲಿ ಆಯಿಲಿನ ಪಾಲೂ ದೊಡ್ಡದಾಗಿರುವುದರಿಂದ ದುಬಾರಿ ಆಯಿಲನ್ನು ಹೆಚ್ಚು ದಿನ ಓಡಿಸುವುದಕ್ಕಿಂತ ಸಾಮಾನ್ಯ ಆಯಿಲನ್ನು 5000 ಕಿಲೋಮೀಟರಿಗೊಮ್ಮೆ, ಕಾರು ಓಡದಿದ್ದರೂ ವರ್ಷಕ್ಕೊಮ್ಮೆ ಬದಲಾಯಿಸಿ, ಜಾಲರಿಯನ್ನು ತೊಳೆಯಿರಿ. ತಗಡು, ಟೈಮಿಂಗ್ ಎಲ್ಲ ಸರಿಯಿದ್ದೂ ಆಯಿಲ್ ಕಾಯುತ್ತಿದ್ದರೆ, ಆಯಿಲ್ ಪಂಪಿನ ಸಮೀಪ ಎಂಜಿನ್ನಿನ ಅಡಿಯಲ್ಲಿ ದೊಡ್ಡ ಸ್ಕ್ರೂ ಮುಚ್ಚಳದ ಹಿಂದಿರುವ ರಿಲೀಫ್ ವಾಲ್ವಿನ ಪಿಸ್ಟನನ್ನು ತೆಗೆಸಿ ನೋಡಿ. ಅದು ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡಿದ್ದರೆ ಆಯಿಲ್ ಕೂಲರಿಗೆ ಹೋಗದೆ ಅಡ್ಡದಾರಿಯಲ್ಲಿ ಮರಳುತ್ತದೆ.

ಪ್ರಶ್ನೆ: ಎಥನಾಲ್ ಬೆರೆಸಿದ ಪೆಟ್ರೋಲಿನಿಂದ ಹಳೆಯ ಕಾರು ಹೆಚ್ಚು ಕಾಯುತ್ತದೆ ಎನ್ನುತ್ತಾರೆ. ನಿಜವೇ? ಮಳೆಗಾಲದ ನಾಲ್ಕು ತಿಂಗಳು ನಮ್ಮ ಕಾರು ಶೆಡ್ಡಿನಲ್ಲೇ ಇರುತ್ತದೆ. (ಮಲ್ಪೆಯ ಓದುಗರು)

ಉತ್ತರ: ಜೆಟ್ ಬದಲಾಯಿಸದಿದ್ದರೆ ಸ್ವಲ್ಪ ಮಟ್ಟಿಗೆ ನಿಜ. ಬರಿಯ ಪೆಟ್ರೋಲ್ ಒಂದು ಕಿಲೋ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಶೇ. 20ರಷ್ಟು ಎಥನಾಲ್ ಸೇರಿದ್ದಕ್ಕೆ ಸುಮಾರು 13.5 ಕಿಲೋ ಸಾಕು. ಹೊಸ ಕಾರಿನ ಕಂಪ್ಯೂಟರ್ ಇದನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ, ನಿಮ್ಮ ಕಾರ್ಬ್ಯುರೇಟರ್ ಮೊದಲಿನಷ್ಟೇ ಗಾಳಿಗೆ ಮೊದಲಿನಷ್ಟೇ ಪೆಟ್ರೋಲ್ ಕೊಡುತ್ತ ಹೋಗುತ್ತದೆ, ಹೀಗೆ ಮಿಶ್ರಣ ತೆಳುವಾಗುತ್ತದೆ. ಮೊದಲೇ ಅಂಚಿನಲ್ಲಿದ್ದ ಎಂಜಿನ್ನಾದರೆ ಕಾವೂ ಮಿಸ್ಸಿಂಗೂ ಕಾಣಿಸಿಕೊಳ್ಳುತ್ತವೆ. ಪ್ಲಗ್ ಬಿಳಿಚಿದ್ದರೆ ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದಾಗಿಸಿ ನೋಡಬಹುದು, ಆದರೆ ಗಾಳಿಯ ಸೋರಿಕೆ ಮತ್ತು ಟೈಮಿಂಗನ್ನು ಪರೀಕ್ಷಿಸಿದ ಬಳಿಕ ಮಾತ್ರ. ಹಳೆಯ ರಬ್ಬರ್ ಹೋಸ್‌ಗಳನ್ನು ಎಥನಾಲ್ ಮೆತ್ತಗಾಗಿಸಿ ಬಿರುಕು ಬಿಡಿಸುತ್ತದೆ. ಎಥನಾಲಿಗೆ ತಾಳುವ ಹೋಸನ್ನು ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗೆ ಎಲ್ಲೆಡೆ ಹಾಕಿಸಿ.

ಮಳೆಗಾಲದಲ್ಲಿ ನಿಲ್ಲುವ ಕಾರಿಗೆ ಎಥನಾಲ್ ಇನ್ನೊಂದು ತೊಂದರೆ ತರುತ್ತದೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಮಲ್ಪೆಯ ಜೂನ್ ತಿಂಗಳಲ್ಲಿ ತೇವಕ್ಕೆ ಬರವಿಲ್ಲ. ಹೀರಿದ ನೀರು ಹೆಚ್ಚಾದಾಗ ಎಥನಾಲಿನೊಂದಿಗೆ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ಕಾರ್ಬ್ಯುರೇಟರ್ ಮೊದಲು ಎಳೆಯುವುದು ಅದನ್ನೇ. ಮಳೆ ಹಿಡಿಯುವ ಮುನ್ನ ಟ್ಯಾಂಕ್ ಖಾಲಿ ಮಾಡಿಸಿ, ಪೆಟ್ರೋಲ್ ಪೈಪ್ ಕಳಚಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ತೀರುವವರೆಗೆ ಎಂಜಿನ್ ಓಡಿಸಿ ಆಫ್ ಮಾಡಿ. ಅಕ್ಟೋಬರಿನಲ್ಲಿ ಹೊರತೆಗೆಯುವಾಗ ಹೊಸ ಪೆಟ್ರೋಲ್ ಹಾಕುವುದಕ್ಕೂ ಮೊದಲು ಗೇರ್‌ಬಾಕ್ಸಿನಿಂದ ಬಾಡಿಗೆ ಹೋಗುವ ಹೆಣೆದ ಅರ್ಥಿಂಗ್ ಪಟ್ಟಿಯ ಎರಡೂ ತುದಿಗಳನ್ನು ಬಿಚ್ಚಿ, ಉಪ್ಪಿನ ತುಕ್ಕನ್ನು ಉಜ್ಜಿ ತೆಗೆದು, ಮರಳಿ ಬಿಗಿಸಿ. ಆ ಪಟ್ಟಿ ಸರಿಯಿಲ್ಲದಿದ್ದರೆ ಸೆಲ್ಫ್ ಮಂದವಾಗಿ ತಿರುಗುತ್ತದೆ, ಕಿಡಿಯ ಬಲ ಕುಗ್ಗುತ್ತದೆ, ನೀವು ಅದಕ್ಕೆ ಕಾರ್ಬ್ಯುರೇಟರನ್ನು ಬಿಚ್ಚಿಸುತ್ತೀರಿ.